ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ, ರಕ್ತದೊಳಗಿನ ಸಕ್ಕರೆ: ಓದುಗರ ಪತ್ರಗಳಿಗೆ ವೈದ್ಯರ ಉತ್ತರ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಒಂದೇ ಅನುಮಾನ ಬೇರೆ ಬೇರೆ ರೂಪದಲ್ಲಿ ಕಾಣುತ್ತಿದೆ. ಶುಗರ್ ಬರುವುದು ಕರುಳಿನ ಬ್ಯಾಕ್ಟೀರಿಯಾ ಕೆಟ್ಟಿದ್ದರಿಂದಲೇ? ಅವನ್ನು ಸರಿಮಾಡಿಕೊಂಡರೆ ಗುಳಿಗೆ ಬಿಡಬಹುದೇ? ಮೊಬೈಲಿನಲ್ಲಿ ಬರುವ ವಿಡಿಯೊಗಳು ಜನರಲ್ಲಿ ದೊಡ್ಡ ಆಸೆ ಹುಟ್ಟಿಸಿವೆ. ಅವುಗಳಲ್ಲಿ ಸ್ವಲ್ಪ ನಿಜವೂ ಇದೆ. ನಿಜ ಬೆರೆತಿರುವುದರಿಂದಲೇ ಜನ ನಂಬಿ ಔಷಧ ಬಿಡುತ್ತಿದ್ದಾರೆ ಎಂಬುದು ನನ್ನ ಆತಂಕ. ಅದಕ್ಕಾಗಿ ಈ ವಿಷಯದ ಪತ್ರಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನ ಭತ್ತದ ರೈತ. ವಯಸ್ಸು 54. ಆರು ವರ್ಷದಿಂದ ಶುಗರ್ ಇದೆ, ಎರಡು ಥರದ ಗುಳಿಗೆ ನುಂಗುತ್ತೇನೆ. ಮೂರು ತಿಂಗಳ ಸರಾಸರಿ 8.4 ಬಂದಿದೆ. ಹೊಟ್ಟೆಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಾದರೆ ಶುಗರ್ ಬರುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ನಿಜವೇ? ನಮ್ಮ ತಂದೆಯವರು ಎಂಬತ್ತರವರೆಗೂ ಬದುಕಿದರು, ಅವರಿಗೆ ಈ ಕಾಯಿಲೆ ಇರಲಿಲ್ಲ. ಅದೇ ಮನೆ, ಅದೇ ಹೊಲ. ನನಗೇಕೆ ಬಂತು?

ಉತ್ತರ: ಸಂಬಂಧ ಇದೆ. ಆದರೆ ವಿಡಿಯೊದಲ್ಲಿ ಹೇಳುವಷ್ಟು ನೇರವಾಗಿ ಇಲ್ಲ.

ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು 2016ರ ಒಂದು ಲೆಕ್ಕ ಹೇಳುತ್ತದೆ. ನಮ್ಮ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ನಾವು ತಿಂದ ಅನ್ನದ ಪಿಷ್ಟ ಸಣ್ಣ ಕರುಳಿನಲ್ಲೇ ಕರಗಿ, ಗ್ಲೂಕೋಸ್ ಆಗಿ, ರಕ್ತ ಸೇರುತ್ತದೆ. ಜೋಳ, ಕಾಳು, ಸೊಪ್ಪುಗಳ ನಾರು ಹಾಗೆ ಕರಗುವುದಿಲ್ಲ, ಅದು ದೊಡ್ಡ ಕರುಳಿನವರೆಗೂ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್, ಅಸಿಟೇಟ್, ಪ್ರೊಪಿಯೊನೇಟ್ ಎಂಬ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರದ ಮುಖ್ಯ ಆಹಾರ. ಈ ಆಮ್ಲಗಳ ಪ್ರಚೋದನೆಯಿಂದ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನೂ ಬಿಡುತ್ತದೆ. ಊಟವಾದಾಗ ಇನ್ಸುಲಿನ್ ಬಿಡಲು ಮೇದೋಜೀರಕ ಗ್ರಂಥಿಗೆ, ಹಸಿವು ತೀರಿತು ಎಂದು ಮೆದುಳಿಗೆ ತಿಳಿಸುವ ಹಾರ್ಮೋನ್ ಅದು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ದುಬಾರಿ ಹೊಸ ಔಷಧಗಳು ಇದನ್ನೇ ಹೋಲುವಂಥವು.

ನಾರು ಬಾರದೆ ಹೋದರೆ ಅದನ್ನು ನಂಬಿದ್ದ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಲೋಳೆಯನ್ನೇ ತಿನ್ನತೊಡಗುತ್ತವೆ. ಪದರ ತೆಳುವಾದಾಗ ಬ್ಯಾಕ್ಟೀರಿಯಾಗಳ ಹೊರಕವಚದ ತುಣುಕುಗಳು ರಕ್ತಕ್ಕೆ ಸೋರಿ, ದೇಹದಲ್ಲಿ ಸಣ್ಣ ಮಟ್ಟದ ಉರಿಯೂತವನ್ನು ಸದಾ ಇರಿಸುತ್ತವೆ. ಆಗ ಇನ್ಸುಲಿನ್ ಇದ್ದರೂ ಅದರ ಮಾತನ್ನು ಸ್ನಾಯು, ಯಕೃತ್ತು ಕೇಳುವುದಿಲ್ಲ. ಪ್ಯಾಟ್ರಿಸ್ ಕಾನಿ ಮತ್ತು ಸಂಗಡಿಗರು 2007ರಲ್ಲಿ ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಲ್ಲಿ ಈ ಸೋರಿಕೆ ಮತ್ತು ಉರಿಯೂತದ ಸರಣಿಯನ್ನು ತೋರಿಸಿದರು.

ಮನುಷ್ಯರ ವಿಷಯಕ್ಕೆ ಬಂದರೆ, 2012ರಲ್ಲಿ ಚೀನಾದಲ್ಲಿ 345 ಮಂದಿಯ ಮಲದ ಮಾದರಿ ನೋಡಿದಾಗ ಟೈಪ್ 2 ಸಕ್ಕರೆ ಕಾಯಿಲೆ ಇದ್ದವರಲ್ಲಿ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ಕಾಯಿಲೆಯಿಂದ ಅವು ಕಡಿಮೆಯಾದವೋ, ಅವು ಕಡಿಮೆಯಾಗಿ ಕಾಯಿಲೆ ಬಂತೋ ಎಂಬುದು ಅಷ್ಟರಿಂದ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಆಮ್‌ಸ್ಟರ್‌ಡಾಮಿನ ವೈದ್ಯರು ತೆಳ್ಳಗಿನ ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾವನ್ನು ಬೊಜ್ಜಿನ ಗಂಡಸರ ಕರುಳಿಗೆ ಸೇರಿಸಿದರು. ಆರು ವಾರಕ್ಕೆ ಇನ್ಸುಲಿನ್ ಕೆಲಸ ಸುಧಾರಿಸಿತ್ತು ಎಂದು 2012ರಲ್ಲಿ ವರದಿ ಮಾಡಿದರು. 2017ರಲ್ಲಿ ಅದೇ ಬಳಗ ಇನ್ನಷ್ಟು ಜನರಲ್ಲಿ ನೋಡಿದಾಗ 18 ವಾರ ಕಳೆಯುವಷ್ಟರಲ್ಲಿ ಆ ಲಾಭ ಉಳಿದಿರಲಿಲ್ಲ. ಹೊಸ ಬ್ಯಾಕ್ಟೀರಿಯಾ ಬಿತ್ತಿದರೂ ಅವು ತಿನ್ನುವ ಆಹಾರ ಬದಲಾಗದಿದ್ದರೆ ನೆಲೆ ನಿಲ್ಲುವುದಿಲ್ಲ. ಉಪ್ಪುಮಣ್ಣಿನ ಗದ್ದೆಗೆ ಎಷ್ಟೇ ಒಳ್ಳೆಯ ಬೀಜ ಹಾಕಿದರೂ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ನಿಮ್ಮ ತಂದೆಯವರ ವಿಷಯ. ಅದೇ ಮನೆ, ಅದೇ ಹೊಲ ಎಂದು ಬರೆದಿದ್ದೀರಿ. ಗಂಗಾಳ ಮಾತ್ರ ಅದೇ ಅಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯುವ ಮುಂಚೆ ನಿಮ್ಮ ಕಡೆಯ ಎರೆಹೊಲಗಳಲ್ಲಿ ಹೆಚ್ಚಾಗಿ ಬೆಳೆಯುತ್ತಿದ್ದುದು ಜೋಳ, ಸಜ್ಜೆ, ನವಣೆ, ಹತ್ತಿ. ಕಾಲುವೆ ನೀರು ಬಂದ ಮೇಲೆ ಭತ್ತ ಹರಡಿತು, ಸಿರುಗುಪ್ಪ ಭತ್ತದ ಕಣಜವಾಯಿತು. 2013ರಿಂದ ಅನ್ನಭಾಗ್ಯದ ಅಕ್ಕಿಯೂ ಬಂತು. ಅಕ್ಕಿ ಹಸಿವು ನೀಗಿಸಿದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಸಜ್ಜೆ, ರಾಗಿಯಲ್ಲಿ 11ರ ಮೇಲಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಿಮ್ಮ ತಂದೆಯವರು ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು ತಿಂದು, ದಿನವಿಡೀ ಎತ್ತಿನ ಹಿಂದೆ ನಡೆದರು. ನೀವು ಬಿಳಿ ಅನ್ನ, ತಿಳಿಸಾರು ಉಂಡು ಟ್ರ್ಯಾಕ್ಟರ್ ಮೇಲೆ ಕೂರುತ್ತೀರಿ. ವಂಶದ ಗುಣ, ಹೊಟ್ಟೆಯ ಬೊಜ್ಜು, ನಿದ್ದೆ, ಚಿಂತೆ ಇವೂ ಸೇರುತ್ತವೆ. ಬ್ಯಾಕ್ಟೀರಿಯಾ ಈ ಕೂಟದಲ್ಲಿ ಒಂದು, ಅದೇ ಎಲ್ಲವೂ ಅಲ್ಲ.

ಬಿಳಿ ಅನ್ನದ ಬಗ್ಗೆ ಇನ್ನೊಂದು ಮಾತು. 21 ದೇಶಗಳ 1,32,373 ಜನರನ್ನು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಪ್ಯೂರ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದನ್ನು ಬರೆದವರಲ್ಲಿ ಚೆನ್ನೈನ ಡಾ. ವಿ. ಮೋಹನ್ ಕೂಡ ಒಬ್ಬರು. ದಕ್ಷಿಣ ಏಷ್ಯಾದಲ್ಲಿ ದಿನಕ್ಕೆ 450 ಗ್ರಾಂ ಮೇಲ್ಪಟ್ಟು ಅನ್ನ ಉಣ್ಣುವವರಿಗೆ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಸಕ್ಕರೆ ಕಾಯಿಲೆಯ ಸಂಭವ ಶೇ 61ರಷ್ಟು ಹೆಚ್ಚಿತ್ತು. 450 ಗ್ರಾಂ ಅಂದರೆ ಬೇಯಿಸಿದ ಅನ್ನದ ತೂಕ, ಅಕ್ಕಿಯದ್ದಲ್ಲ. ನಮ್ಮ ಕಡೆಯ ದುಡಿಯುವ ಮನುಷ್ಯನ ಎರಡು ಹೊತ್ತಿನ ಅನ್ನ ಸುಲಭವಾಗಿ ಅದನ್ನು ದಾಟುತ್ತದೆ.

‘ಆರ್‌ಎನ್‌ಆರ್ ಅಕ್ಕಿ ಉಂಡರೆ ಶುಗರ್ ಏರುವುದಿಲ್ಲವಲ್ಲ’ ಎಂದು ನಿಮ್ಮ ಕಡೆಯ ರೈತರು ಕೇಳುವುದುಂಟು. ತೆಲಂಗಾಣದಿಂದ ಬಂದ ಆರ್‌ಎನ್‌ಆರ್ 15048 ತಳಿಯ ಗ್ಲೈಸೆಮಿಕ್ ಸೂಚ್ಯಂಕ ಪ್ರಯೋಗದಲ್ಲಿ 51ರ ಆಸುಪಾಸು ಬಂದಿದೆ, ಅಂದರೆ ಅದು ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ. ಒಳ್ಳೆಯದೇ. ಆದರೂ ಪಾಲಿಶ್ ಆದ ಮೇಲೆ ಅದರಲ್ಲೂ ನಾರು ಕಡಿಮೆ, ಮೂರು ಸಲ ಬಡಿಸಿಕೊಂಡರೆ ಸೂಚ್ಯಂಕ ನಿಮ್ಮನ್ನು ಕಾಯುವುದಿಲ್ಲ.

ನಿಮ್ಮ 8.4 ಹೆಚ್ಚು. ನಿಮ್ಮ ವಯಸ್ಸಿನವರಲ್ಲಿ ಸಾಮಾನ್ಯವಾಗಿ 7ರ ಒಳಗೆ ತರಲು ನೋಡುತ್ತೇವೆ. ಡಾಕ್ಟರನ್ನು ಕಂಡು ಗುಳಿಗೆ ಬದಲಿಸಬೇಕೇ ಎಂದು ಕೇಳಿ. ಮನೆಯಲ್ಲಿ ಮಧ್ಯಾಹ್ನ ಅನ್ನ ಒಂದು ಸೌಟಿಗೆ ಇಳಿಯಲಿ, ಆ ಜಾಗಕ್ಕೆ ಕಾಳಿನ ಪಲ್ಯ, ಸೊಪ್ಪು ಬರಲಿ. ರಾತ್ರಿ ರೊಟ್ಟಿ ಇರಲಿ.

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ್ರೀ. ನಂದು ಕುರುಗೋಡು ಹತ್ರದ ಹಳ್ಳಿ. ಜ್ವಾಳದ ರೊಟ್ಟಿ ತಿಂದ್ರ ಶುಗರ್ ಬರಂಗಿಲ್ಲ ಅಂತಾರ. ನಾವು ಅನ್ನ ಮುಟ್ಟಂಗೇ ಇಲ್ಲ. ಮುಂಜಾನಿ ಮೂರು, ಮಧ್ಯಾಹ್ನ ನಾಕು, ರಾತ್ರಿ ಮೂರು ರೊಟ್ಟಿ ತಿಂತೀನಿ. ಆದ್ರೂ ಊಟಾದ ಮ್ಯಾಲ 260 ಬರ್ತೈತ್ರಿ. ಜ್ವಾಳಾನೂ ಸುಳ್ಳೇನ್ರಿ?

ಉತ್ತರ: ಜೋಳ ಸುಳ್ಳಲ್ಲ. ಹತ್ತು ರೊಟ್ಟಿ ಹೆಚ್ಚಾಯಿತು.

ಜೋಳದಲ್ಲಿ ನಾರಿದ್ದರೂ ಅದರ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಮ್ಮ ಕಡೆಯ ಅಗಲ ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದರೂ ಹತ್ತು ರೊಟ್ಟಿಗೆ ಅರ್ಧ ಕೆಜಿ. ಅದರ ಪಿಷ್ಟವೆಲ್ಲ ಗ್ಲೂಕೋಸ್ ಆಗಲೇಬೇಕು. ಹಿಂದಿನವರು ಅಷ್ಟು ತಿಂದು ರಾಶಿ ಮಾಡುತ್ತಿದ್ದರು, ಕಳೆ ಕೀಳುತ್ತಿದ್ದರು. ನಿಮ್ಮ ದುಡಿಮೆ ಎಷ್ಟು ಎಂದು ನೀವು ಬರೆದಿಲ್ಲ.

ರೊಟ್ಟಿಯನ್ನು ಯಾವುದರ ಜೊತೆ ತಿನ್ನುತ್ತೀರಿ ಎಂದೂ ನೋಡಬೇಕು. ಚಟ್ನಿಪುಡಿ, ಎಣ್ಣೆ ಹಚ್ಚಿಕೊಂಡು ನಾಲ್ಕು ರೊಟ್ಟಿ ತಿನ್ನುವುದಕ್ಕೂ ಗಂಗಾಳದ ಅರ್ಧ ಪಲ್ಯ ತುಂಬಿಸಿ ಎರಡು ರೊಟ್ಟಿ ತಿನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಬ್ಯಾಕ್ಟೀರಿಯಾಗಳಿಗೆ ಒಂದೇ ನಾರು ಸಾಲದು. ಜೋಳದ ನಾರನ್ನು ಹುದುಗಿಸುವ ಜಾತಿ ಬೇರೆ, ಕಾಳಿನ ನಾರನ್ನು ಹುದುಗಿಸುವ ಜಾತಿ ಬೇರೆ, ಮೆಂತ್ಯದ ಲೋಳೆಯಂಥ ನಾರಿಗೆ ಇನ್ನೊಂದು ಜಾತಿ. ಹಾಗಾಗಿ ಹೆಸರುಕಾಳು, ಮಡಕಿ, ಅಲಸಂದೆ, ಹುರುಳಿ ಸರದಿಯ ಮೇಲೆ ಬರಲಿ. ಪುಂಡಿ, ರಾಜಗಿರಿ, ಮೆಂತ್ಯ, ಹಕ್ಕರಕಿ ಯಾವ ಕಾಲಕ್ಕೆ ಯಾವುದು ಸಿಗುತ್ತದೋ ಅದು ಬರಲಿ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ರೊಟ್ಟಿ ಮುರಿಯಿರಿ. ಈ ಕ್ರಮದಲ್ಲಿ ತಿಂದವರಿಗೆ ಊಟದ ನಂತರದ ಸಕ್ಕರೆ ಕಡಿಮೆ ಏರುವುದನ್ನು ಹಲವು ಪ್ರಯೋಗಗಳು ತೋರಿಸಿವೆ.

ಶಾಂಘೈನ ಝಾವೊ ಲಿಪಿಂಗ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಒಂದು ಕೆಲಸ ನಿಮ್ಮ ಪ್ರಶ್ನೆಗೆ ಹತ್ತಿರವಾಗಿದೆ. ಟೈಪ್ 2 ಕಾಯಿಲೆಯ 43 ಜನರಿಗೆ ಒಂದೇ ಗುಳಿಗೆ ಕೊಟ್ಟು, ಒಂದು ಗುಂಪಿಗೆ ಇಡಿಧಾನ್ಯ ಮತ್ತು ಬಗೆಬಗೆಯ ನಾರಿನ ಊಟ, ಇನ್ನೊಂದಕ್ಕೆ ಮಾಮೂಲಿ ಪಥ್ಯ ಕೊಟ್ಟರು. ಮೂರು ತಿಂಗಳಲ್ಲಿ ನಾರಿನ ಗುಂಪಿನವರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, ಹೆಚ್ಚು ಇಳಿಯಿತು. ಅವರ ಕರುಳಿನಲ್ಲಿ ಆ ಸಣ್ಣ ಆಮ್ಲಗಳನ್ನು ಮಾಡುವ 15 ಬಗೆಯ ಬ್ಯಾಕ್ಟೀರಿಯಾ ಹೆಚ್ಚಾಗಿದ್ದವು, ಅವು ಹೆಚ್ಚಿದಷ್ಟೂ ಸಕ್ಕರೆ ಚೆನ್ನಾಗಿ ಇಳಿದಿತ್ತು. ಈ ಜನ ಔಷಧ ಬಿಟ್ಟಿರಲಿಲ್ಲ. ಗುಳಿಗೆ ಮತ್ತು ನಾರು ಎರಡೂ ಒಟ್ಟಿಗೆ ಕೆಲಸ ಮಾಡಿದವು.

ಹೊತ್ತಿಗೆ ಎರಡು ರೊಟ್ಟಿಗೆ ನಿಲ್ಲಿಸಿ. ಹಸಿವಾದರೆ ಕಾಳು, ತರಕಾರಿ, ಮಜ್ಜಿಗೆ ಹೆಚ್ಚಿಸಿ. ಶುಗರ್ ಇಳಿಸುವ ಗುಳಿಗೆಯೋ ಇನ್ಸುಲಿನ್ನೋ ನಡೆಯುತ್ತಿದ್ದರೆ ಊಟವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಬೇಡಿ, ಸಕ್ಕರೆ ತೀರಾ ಇಳಿದು ಲೋ ಆಗುತ್ತದೆ. ಡಾಕ್ಟರಿಗೆ ಹೇಳಿ, ಹಂತಹಂತವಾಗಿ ಇಳಿಸಿ. ಮೂತ್ರಪಿಂಡದ ತೊಂದರೆ ಇರುವವರು ಕಾಳು, ಸೊಪ್ಪು ಎಷ್ಟು ತಿನ್ನಬಹುದು ಎಂದು ಕೇಳಿಯೇ ಹೆಚ್ಚಿಸಬೇಕು.

ಪ್ರಶ್ನೆ: ನಾನು ಗೃಹಿಣಿ, ಕುರುಗೋಡು, ವಯಸ್ಸು 46. ಮೆಟ್‌ಫಾರ್ಮಿನ್ ಶುರುಮಾಡಿದಾಗಿನಿಂದ ಹೊಟ್ಟೆ ಉಬ್ಬರ, ಆಗಾಗ ಭೇದಿ. ಹೋದ ತಿಂಗಳು ವೋಗ್ಲಿಬೋಸ್ ಸೇರಿಸಿದ ಮೇಲೆ ಗ್ಯಾಸ್ ಇನ್ನೂ ಹೆಚ್ಚಾಗಿದೆ. ನಾಲ್ಕು ಜನರ ನಡುವೆ ಕೂರಲು ಮುಜುಗರ. ಈ ಗುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಅಮ್ಮಾ. ನಿಮಗೆ ಆಗುತ್ತಿರುವ ತೊಂದರೆ ನಿಜ, ಅದಕ್ಕೆ ದಾರಿಗಳೂ ಇವೆ.

ಮೆಟ್‌ಫಾರ್ಮಿನ್ ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸುವುದು ಹೌದು. ಎಷ್ಟರಮಟ್ಟಿಗೆ ಎಂದರೆ, ಸಕ್ಕರೆ ಕಾಯಿಲೆಯಿಂದ ಆದದ್ದು ಎಂದು ಮೊದಲು ತಿಳಿದಿದ್ದ ಕೆಲವು ಬದಲಾವಣೆಗಳು ಅಸಲಿಗೆ ಈ ಗುಳಿಗೆಯಿಂದ ಆದವು ಎಂದು 2015ರಲ್ಲಿ ಯುರೋಪಿನ ವಿಜ್ಞಾನಿಗಳು ಕಂಡುಕೊಂಡರು. ಆದರೆ ಆ ಬದಲಾವಣೆಯಲ್ಲಿ ಲಾಭವೂ ಇದೆ. 2017ರ ಅಧ್ಯಯನವೊಂದರಲ್ಲಿ ಹೊಸದಾಗಿ ಕಾಯಿಲೆ ಗೊತ್ತಾದವರಿಗೆ ನಾಲ್ಕು ತಿಂಗಳು ಮೆಟ್‌ಫಾರ್ಮಿನ್ ಕೊಟ್ಟರು. ಅವರ ಮಲದ ಬ್ಯಾಕ್ಟೀರಿಯಾವನ್ನು, ಹುಟ್ಟಿನಿಂದ ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದ ಇಲಿಗಳಿಗೆ ಹಾಕಿದಾಗ ಆ ಇಲಿಗಳ ಸಕ್ಕರೆ ಹತೋಟಿ ಸುಧಾರಿಸಿತು. ಅಂದರೆ ಮೆಟ್‌ಫಾರ್ಮಿನ್‌ನ ಗುಣದಲ್ಲಿ ಒಂದು ಪಾಲು ಈ ಬ್ಯಾಕ್ಟೀರಿಯಾಗಳ ಮೂಲಕವೇ ಬರುತ್ತದೆ.

ಹೊಟ್ಟೆ ಉಬ್ಬರಕ್ಕೆ ಸಾಮಾನ್ಯವಾಗಿ ಹೀಗೆ ಮಾಡುತ್ತೇವೆ: ಗುಳಿಗೆಯನ್ನು ಊಟದ ನಡುವೆ ಅಥವಾ ಊಟವಾದ ತಕ್ಷಣ ಕೊಡುತ್ತೇವೆ. ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತೇವೆ. ಅಷ್ಟಕ್ಕೂ ನಿಲ್ಲದಿದ್ದರೆ ನಿಧಾನವಾಗಿ ಕರಗುವ ಎಸ್‌ಆರ್ ಗುಳಿಗೆಗೆ ಬದಲಿಸುತ್ತೇವೆ. ಬಹಳ ಜನರಿಗೆ ಇಷ್ಟರಲ್ಲೇ ಸರಿಹೋಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಕಾಲು ಜೋಮು ಹಿಡಿದರೆ, ತುಂಬಾ ಸುಸ್ತಾದರೆ ಆ ಪರೀಕ್ಷೆಯನ್ನೂ ಕೇಳಿ. ವಾಂತಿಭೇದಿ ಜೋರಾಗಿ ನೀರು ನಿಲ್ಲದ ದಿನ ಮಾತ್ರ ತಡಮಾಡದೆ ಡಾಕ್ಟರಿಗೆ ತಿಳಿಸಿ, ಆ ದಿನಗಳಲ್ಲಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗಬಹುದು.

ವೋಗ್ಲಿಬೋಸ್ ಕೆಲಸವೇ ಬೇರೆ. ಸಣ್ಣ ಕರುಳಿನಲ್ಲಿ ಪಿಷ್ಟ ಕರಗುವುದನ್ನು ಅದು ತಡೆಯುತ್ತದೆ. ಕರಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಅನ್ನ, ರೊಟ್ಟಿ ಹೆಚ್ಚು ತಿಂದಷ್ಟೂ ಗ್ಯಾಸ್ ಹೆಚ್ಚು. ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ, ತಗ್ಗದಿದ್ದರೆ ಬೇರೆ ಗುಳಿಗೆಗಳಿವೆ. ಈ ಗುಳಿಗೆ ನುಂಗುವವರೆಲ್ಲ ಒಂದು ಮಾತು ನೆನಪಿಡಬೇಕು. ಇನ್ನೊಂದು ಗುಳಿಗೆ ಅಥವಾ ಇನ್ಸುಲಿನ್‌ನಿಂದ ಲೋ ಆದಾಗ ಸಕ್ಕರೆ, ಬೆಲ್ಲ ತಿಂದರೆ ಬೇಗ ಏರುವುದಿಲ್ಲ, ಏಕೆಂದರೆ ಅದು ಕರಗುವುದನ್ನೂ ಈ ಗುಳಿಗೆ ತಡೆದಿರುತ್ತದೆ. ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯೇ ಬೇಕು. ಒಂದು ಪೊಟ್ಟಣ ಮನೆಯಲ್ಲಿಡಿ.

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುತ್ತೇನೆ. ವಯಸ್ಸು 38. ಎರಡು ವರ್ಷದಿಂದ ಶುಗರ್. ಒಬ್ಬರು ‘ಕರುಳು ಶುದ್ಧಿ’ ಪುಡಿ, ಪ್ರೋಬಯಾಟಿಕ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಮೂರು ತಿಂಗಳ ಕೋರ್ಸಿಗೆ ಒಂದು ತಿಂಗಳ ದುಡಿಮೆ ಹೋಗುತ್ತದೆ. ಅದರ ಮೇಲೆ ಮಲ ಪರೀಕ್ಷೆ ಮಾಡಿಸಿ ಬ್ಯಾಕ್ಟೀರಿಯಾ ನೋಡಬೇಕು ಅನ್ನುತ್ತಾರೆ. ಮಾಡಿಸಲೇ?

ಉತ್ತರ: ಬೇಡ ಅಣ್ಣಾ. ಆ ದುಡ್ಡು ಉಳಿಸಿ.

ಮಲದಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ನೋಡಿ ಸಕ್ಕರೆ ಕಾಯಿಲೆಗೆ ಔಷಧ ನಿರ್ಧರಿಸುವ ಹಂತಕ್ಕೆ ವೈದ್ಯಶಾಸ್ತ್ರ ಇನ್ನೂ ಬಂದಿಲ್ಲ. ಯಾವುದು ಸರಿಯಾದ ಪ್ರಮಾಣ ಎಂಬ ಅಳತೆಯೇ ನಿಗದಿಯಾಗಿಲ್ಲ. ಚೆನ್ನೈ ಮತ್ತು ಡೆನ್ಮಾರ್ಕಿನ ಸಂಶೋಧಕರು ಐನೂರಕ್ಕೂ ಹೆಚ್ಚು ಮಂದಿಯನ್ನು ಹೋಲಿಸಿ 2021ರಲ್ಲಿ ಬರೆದ ವರದಿಯಲ್ಲಿ ಭಾರತೀಯರ ಕರುಳಿನ ಬ್ಯಾಕ್ಟೀರಿಯಾ ಸಮೂಹ ಡೇನಿಷ್ ಜನರದ್ದಕ್ಕಿಂತ ಬೇರೆಯಾಗಿಯೇ ಇತ್ತು. ಭೋಪಾಲ್ ಮತ್ತು ಕೇರಳದವರನ್ನು ಹೋಲಿಸಿದ 2019ರ ಅಧ್ಯಯನದಲ್ಲಿ ನಮ್ಮ ದೇಶದೊಳಗೇ ಊಟಕ್ಕೆ ತಕ್ಕ ಹಾಗೆ ವ್ಯತ್ಯಾಸ ಕಂಡಿತು. ಹೀಗಿರುವಾಗ ಹೊರದೇಶದ ಪಟ್ಟಿ ಇಟ್ಟುಕೊಂಡು ಬಳ್ಳಾರಿಯವರಿಗೆ ‘ನಿಮ್ಮ ಕರುಳು ಕೆಟ್ಟಿದೆ’ ಎಂದು ಅಂಕ ಕೊಡುವುದು ತಪ್ಪು.

ಪ್ರೋಬಯಾಟಿಕ್ ಕ್ಯಾಪ್ಸೂಲುಗಳಿಂದ ಕೆಲವು ಅಧ್ಯಯನಗಳಲ್ಲಿ ಬರಿಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದಿದೆ, ಕೆಲವದರಲ್ಲಿ ಇಳಿದಿಲ್ಲ. ಅವು ಕರುಳಿನಲ್ಲಿ ಬಹುಕಾಲ ನೆಲೆಸುವುದಿಲ್ಲ, ನಿಲ್ಲಿಸಿದ ಕೆಲವು ದಿನ, ವಾರಗಳಲ್ಲಿ ಹೊರಟುಹೋಗುತ್ತವೆ. ಅಕ್ಕರ್‌ಮ್ಯಾನ್ಸಿಯಾ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಬೆಲ್ಜಿಯಂನಲ್ಲಿ 2019ರಲ್ಲಿ ಆಶಾದಾಯಕ ಫಲ ಬಂದಿದೆ, ಆದರೆ ಪ್ರಯೋಗ ಮುಗಿಸಿದವರು 32 ಜನ ಮಾತ್ರ, ಅವರು ಸಕ್ಕರೆ ಕಾಯಿಲೆಯವರೂ ಅಲ್ಲ. ಇಷ್ಟರ ಮೇಲೆ ‘ಶುಗರ್ ಗುಣ’ ಎಂದು ಮಾರುವುದು ಮೋಸ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆ ಕಾಯ್ದೆ ನಿಷೇಧಿಸಿದೆ. ‘ಕರುಳು ಶುದ್ಧಿ’ ಪುಡಿಗಳಲ್ಲಿ ಹಲವು ಬರೀ ಭೇದಿ ಮಾಡಿಸುವಂಥವು. ಬೇಕಾದ ಬ್ಯಾಕ್ಟೀರಿಯಾವನ್ನೂ ಅವು ತೊಳೆದು ಹಾಕುತ್ತವೆ.

ಮನೆಯ ಮಜ್ಜಿಗೆ, ಮೊಸರು, ಹುಳಿಬಂದ ಅಂಬಲಿ ಒಳ್ಳೆಯ ಆಹಾರ. ಅದನ್ನು ಔಷಧವೆಂದು ನಾನು ಹೇಳುವುದಿಲ್ಲ. ಪ್ಯಾಕೆಟ್ಟಿನ ಸಿಹಿ ಪ್ರೋಬಯಾಟಿಕ್ ಪಾನೀಯದ ಹಿಂಬದಿಯಲ್ಲಿ ಸಕ್ಕರೆ ಎಷ್ಟಿದೆ ಓದಿ, ಆಮೇಲೆ ಕುಡಿಯಬೇಕೇ ಬೇಡವೇ ಎಂದು ನೀವೇ ಹೇಳುತ್ತೀರಿ.

ನಿಮ್ಮ ಕೆಲಸದ ಬಗ್ಗೆ ಎರಡು ಮಾತು. ಪೀಸಿನ ಲೆಕ್ಕದಲ್ಲಿ ಕೂಲಿ ಇರುವಾಗ ಮಷಿನ್ ಬಿಟ್ಟೇಳುವುದು ಎಷ್ಟು ಕಷ್ಟ ಎಂದು ಬಲ್ಲೆ. ಆದರೂ ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ಆಡುವ ಸ್ನಾಯು ಇನ್ಸುಲಿನ್ ಸಹಾಯ ಹೆಚ್ಚಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಸಿಹಿ ಚಹಾ ಮತ್ತು ಒಗ್ಗರಣೆ ಮಂಡಕ್ಕಿ, ಮಿರ್ಚಿಯಲ್ಲೇ ಮುಂಜಾನೆ ಕಳೆಯುವುದಾದರೆ ಅದನ್ನು ಬದಲಿಸಬೇಕು. ಮಂಡಕ್ಕಿ ಹಗುರವಾಗಿ ಕಂಡರೂ ಬಹಳ ಬೇಗ ಸಕ್ಕರೆಯಾಗುತ್ತದೆ. ಮೊಳಕೆ ಹೆಸರು, ಬೇಯಿಸಿದ ಶೇಂಗಾ, ಒಂದು ರೊಟ್ಟಿ ಡಬ್ಬಿಯಲ್ಲಿ ಒಯ್ಯಿರಿ. ಆ ಕ್ಯಾಪ್ಸೂಲಿನ ದುಡ್ಡಿನಲ್ಲಿ ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಕಾಳು ಬರುತ್ತದೆ.

ಪ್ರಶ್ನೆ: ಬಳ್ಳಾರಿ. ನನ್ನ ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷ ಟೈಪ್ 1 ಎಂದರು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಹೊಟ್ಟೆ ಸರಿಮಾಡಿದರೆ ಸೂಜಿ ಬಿಡಿಸಬಹುದು ಎಂದು ನೆಂಟರು ಒಬ್ಬರ ಹತ್ತಿರ ಕರೆದೊಯ್ಯಲು ಒತ್ತಾಯ ಮಾಡುತ್ತಿದ್ದಾರೆ. ಮಗು ಅಳುವುದನ್ನು ನೋಡಲಾಗುವುದಿಲ್ಲ.

ಉತ್ತರ: ತಾಯಿ, ಇನ್ಸುಲಿನ್ ಒಂದು ದಿನವೂ ನಿಲ್ಲಿಸಬೇಡಿ. ಯಾರು ಹೇಳಿದರೂ ನಿಲ್ಲಿಸಬೇಡಿ.

ಟೈಪ್ 1ರಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿರುತ್ತದೆ. ಕರುಳಿನ ಬ್ಯಾಕ್ಟೀರಿಯಾಗೂ ಇದಕ್ಕೂ ನಂಟಿದೆಯೇ ಎಂದು ಟೆಡ್ಡಿ ಎಂಬ ಅಂತರರಾಷ್ಟ್ರೀಯ ಅಧ್ಯಯನ ಏಳುನೂರಕ್ಕೂ ಹೆಚ್ಚು ಮಕ್ಕಳ ಹತ್ತು ಸಾವಿರಕ್ಕೂ ಹೆಚ್ಚು ಮಲದ ಮಾದರಿಗಳಲ್ಲಿ ಹುಡುಕಿತು. 2018ರಲ್ಲಿ ಬಂದ ಫಲದಲ್ಲಿ ಕಂಡದ್ದು ಸಣ್ಣ ವ್ಯತ್ಯಾಸಗಳು. ನಾಶವಾದ ಜೀವಕೋಶವನ್ನು ಮರಳಿ ತರುವ ಬ್ಯಾಕ್ಟೀರಿಯಾ ಯಾವುದೂ ಇಲ್ಲ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಕೊಡುವ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ.

ಇನ್ಸುಲಿನ್ ತಪ್ಪಿದರೆ ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಪರು ಬರಬಹುದು. ಹಾಗೇನಾದರೂ ಕಂಡರೆ ರಾತ್ರಿಯಾದರೂ ಸರಿ, ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಓಡಿ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇಲ್ಲದಿದ್ದರೆ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರು ಹಾಕಿ ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ ನೆರಳಲ್ಲಿಡಿ. ಚುಚ್ಚುವ ಜಾಗ ಬದಲಿಸುತ್ತಿರಿ, ಸಣ್ಣ ಸೂಜಿಯ ಪೆನ್ ಸಿಗುತ್ತದೆಯೇ ಕೇಳಿ. ನಿಮ್ಮ ಮಗಳು ಓದಿ, ಆಡಿ, ದುಡಿದು ಎಲ್ಲರಂತೆ ಬಾಳಬಲ್ಲಳು. ನೆಂಟರಿಗೆ ಈ ಪುಟವನ್ನು ಓದಿಸಿ.

ಪ್ರಶ್ನೆ: ನಿವೃತ್ತ ಶಿಕ್ಷಕ, ಸಿರುಗುಪ್ಪ. ತಂಗಳನ್ನದಲ್ಲಿ ಬ್ಯಾಕ್ಟೀರಿಯಾಗೆ ಬೇಕಾದ ಪಿಷ್ಟ ಇರುತ್ತದಂತೆ. ದಿನಾ ತಿನ್ನಬಹುದೇ?

ಉತ್ತರ: ಇರುವುದು ನಿಜ, ಪ್ರಮಾಣ ಕಡಿಮೆ. ಅನ್ನ ಆರಿ ತಣ್ಣಗಾದಾಗ ಸ್ವಲ್ಪ ಪಿಷ್ಟ ಕರಗದ ರೂಪಕ್ಕೆ ತಿರುಗುತ್ತದೆ. ಇಂಡೊನೇಷ್ಯಾದಲ್ಲಿ 2015ರಲ್ಲಿ ಅಳೆದಾಗ ಬಿಸಿ ಅನ್ನದಲ್ಲಿ ಅಂಥ ಪಿಷ್ಟ 100 ಗ್ರಾಂಗೆ 0.64 ಗ್ರಾಂ ಇದ್ದದ್ದು, ಒಂದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ ಆಗಿತ್ತು. ಸಕ್ಕರೆ ಏರುವುದೂ ಕಡಿಮೆಯಾಗಿತ್ತು. ಉಳಿದ ಪಿಷ್ಟವೆಲ್ಲ ಮಾಮೂಲಿಯದ್ದೇ. ಮಜ್ಜಿಗೆ, ಈರುಳ್ಳಿ ಜೊತೆ ಸ್ವಲ್ಪ ತಿನ್ನಿ. ನಮ್ಮ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಬಿಸಿ ಮಾಡಿದರೂ ಅವುಗಳ ವಿಷ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಡಿ.

ಪ್ರಶ್ನೆ: ಫಾರ್ಮಸಿ ಓದುತ್ತಿದ್ದೇನೆ, ಸಿರುಗುಪ್ಪ. ಅಪ್ಪನಿಗೆ ಶುಗರ್. ನೆಗಡಿ ಬಂದರೂ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುತ್ತಾರೆ. ಅದರಿಂದ ಶುಗರ್ ಹೆಚ್ಚುತ್ತದೆಯೇ? ಚಹಾಕ್ಕೆ ಹಾಕುವ ಶುಗರ್‌ಫ್ರೀ ಗುಳಿಗೆಯೂ ಬ್ಯಾಕ್ಟೀರಿಯಾ ಕೆಡಿಸುತ್ತದಂತೆ?

ಉತ್ತರ: ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳನ್ನು ನೋಡಿದ 2015ರ ಅಧ್ಯಯನದಲ್ಲಿ, ಐದು ಅಥವಾ ಹೆಚ್ಚು ಸಲ ಆಂಟಿಬಯಾಟಿಕ್ ಪಡೆದವರಲ್ಲಿ ಟೈಪ್ 2 ಸಂಭವ ಅರ್ಧಪಟ್ಟು ಹೆಚ್ಚಿತ್ತು. ಕಾಯಿಲೆ ಗೊತ್ತಾಗುವ ಮುಂಚೆಯೇ ಸಕ್ಕರೆ ಏರಿ, ಅದರಿಂದ ಸೋಂಕುಗಳು ಬಂದು ಔಷಧ ಬೇಕಾಗಿದ್ದಿರಲೂಬಹುದು, ಹಾಗಾಗಿ ಆಂಟಿಬಯಾಟಿಕ್ಕೇ ಕಾರಣ ಎನ್ನಲಾಗದು. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆಂಟಿಬಯಾಟಿಕ್ ಕೆಲಸವೇ ಮಾಡುವುದಿಲ್ಲ. ಮಧುಮೇಹಿಗೆ ಕಾಲಿನ ಗಾಯವೋ ಮೂತ್ರದ ಸೋಂಕೋ ಆದಾಗ ಮಾತ್ರ ಅದು ಜೀವ ಉಳಿಸುತ್ತದೆ, ಆಗ ಬ್ಯಾಕ್ಟೀರಿಯಾ ಹೋಗುತ್ತವೆಂದು ಹೆದರಿ ಬಿಡಬಾರದು. ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಬಾರದು ಎಂಬ ನಿಯಮ ನಿನಗೆ ಗೊತ್ತೇ ಇದೆ. ನಾಳೆ ನೀನೇ ಆ ಗಲ್ಲೆಯ ಹಿಂದೆ ನಿಲ್ಲುವವಳು, ಅದನ್ನು ಪಾಲಿಸು.

ಶುಗರ್‌ಫ್ರೀ ವಿಷಯದಲ್ಲಿ, 2022ರಲ್ಲಿ ಇಸ್ರೇಲಿನ 120 ಆರೋಗ್ಯವಂತರಲ್ಲಿ ಸ್ಯಾಕರಿನ್, ಸುಕ್ರಲೋಸ್ ಎರಡು ವಾರ ಕೊಟ್ಟಾಗ ಕೆಲವರ ಸಕ್ಕರೆ ಹತೋಟಿ ಬದಲಾಯಿತು, ಕೆಲವರದ್ದು ಇಲ್ಲ. ಅಪ್ಪನಿಗೆ ಎರಡು ಚಮಚ ಸಕ್ಕರೆ ಹಾಕುವುದಕ್ಕಿಂತ ಒಂದು ಗುಳಿಗೆ ಮೇಲು. ಸಿಹಿಯೇ ಇಲ್ಲದ ಚಹಾ ಅದಕ್ಕಿಂತ ಮೇಲು.

ಪ್ರಶ್ನೆ: ಕುರುಗೋಡು, ವಯಸ್ಸು 33. ನನಗೆ ಶುಗರ್ ಇಲ್ಲ ಅಂದುಕೊಂಡಿದ್ದೇನೆ. ಅಪ್ಪ, ಅಮ್ಮ ಇಬ್ಬರಿಗೂ ಇದೆ. ಕರುಳಿನ ಬ್ಯಾಕ್ಟೀರಿಯಾ ಚೆನ್ನಾಗಿಟ್ಟುಕೊಂಡು ಬಾರದಂತೆ ತಡೆಯಬಹುದೇ?

ಉತ್ತರ: ಮೊದಲು ಪರೀಕ್ಷೆ ಮಾಡಿಸಿ, ‘ಅಂದುಕೊಂಡಿದ್ದೇನೆ’ ಎಂಬುದು ಸಾಲದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿರುವವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದರೆ ನೀವು ಆ ಗುಂಪು, 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಕಾಯಿಲೆ ಇದೆ ಎಂದರ್ಥ.

ತಡೆಯಲು ಸಾಧ್ಯ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ತೋರಿಸಿದ್ದು ಇದನ್ನೇ: ಹೊಸ್ತಿಲಲ್ಲಿದ್ದವರು ಊಟ ತಿದ್ದಿಕೊಂಡು ನಡಿಗೆ ಹೆಚ್ಚಿಸಿದಾಗ, ಮೂರು ವರ್ಷಗಳಲ್ಲಿ ಕಾಯಿಲೆಗೆ ತಿರುಗುವ ಸಂಭವ ಶೇ 28.5ರಷ್ಟು ಇಳಿಯಿತು. ಅಲ್ಲಿ ಯಾರೂ ಬ್ಯಾಕ್ಟೀರಿಯಾ ಎಣಿಸಲಿಲ್ಲ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ, ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ಜೋಳದ ರೊಟ್ಟಿಯಿಂದ 15 ಗ್ರಾಂ, ಒಂದು ಹಿಡಿ ಹೆಸರುಕಾಳಿನಿಂದ 5 ಗ್ರಾಂ ನಾರು ಬಂತು. ಸೊಪ್ಪು, ಸೌತೆ, ಒಂದು ಪೇರಲ ಹಣ್ಣು ಸೇರಿದರೆ ಲೆಕ್ಕ ತುಂಬಿತು. ಇದು ನಿಮ್ಮ ಅಜ್ಜಿಯ ಮನೆಯ ಮಾಮೂಲಿ ಊಟವೇ. ಇಷ್ಟು ದಿನ ನಾರು ಕಡಿಮೆ ತಿಂದವರು ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ಪರೀಕ್ಷೆ ಮನೆಬಾಗಿಲಲ್ಲೇ ಉಚಿತವಾಗಿ ನಡೆಯುತ್ತದೆ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರನ್ನೂ ಕರೆದೊಯ್ಯಿರಿ.

ಮುಂದಿನ ಸಲ ಪತ್ರ ಬರೆಯುವವರು ವಯಸ್ಸು, ತೂಕ, ಎಷ್ಟು ವರ್ಷದಿಂದ ಶುಗರ್, ನುಂಗುವ ಗುಳಿಗೆಗಳ ಹೆಸರು, ಕೊನೆಯ ಎಚ್‌ಬಿಎ1ಸಿ, ಮತ್ತು ನಿನ್ನೆ ಮುಂಜಾನೆಯಿಂದ ರಾತ್ರಿಯವರೆಗೆ ಏನೇನು ಉಂಡಿರಿ ಎಂಬುದನ್ನು ದಯವಿಟ್ಟು ಬರೆಯಿರಿ. ಉತ್ತರ ಬರುವವರೆಗೆ ಈಗಿನ ಗುಳಿಗೆಯನ್ನು ನಿಲ್ಲಿಸಬೇಡಿ.